ತಂಗಿ ಇದ್ದ ರೀಲು

ಸಿನಿಮಾ ನೋಡಿ ಅಳುವವರಿದ್ದಾರೆ, ಶಿಳ್ಳೆ ಹೊಡೆಯುವವರಿದ್ದಾರೆ. ನಾನು ತೂತು ಹುಡುಕುವವನು. ಎಲ್ಲರ ಮನೆ ದೋಸೆಯೂ ತೂತೇ ಎಂದು ಸುಮ್ಮನಿರುವ ಸ್ವಭಾವ ನನ್ನದಲ್ಲ. ಹೊಳೆಗೆ ಬಿದ್ದು ಆರು ತಿಂಗಳು ಕಾಣೆಯಾಗುವ ನಾಯಕ ಗಡ್ಡ ಬೋಳಿಸಿಕೊಂಡೇ ಏಕೆ ವಾಪಸು ಬರುತ್ತಾನೆ? ಒಂದೇ ಹಾಡಿನಲ್ಲಿ ಐದು ಸೀರೆ ಉಡುವ ನಾಯಕಿಯ ಟ್ರಂಕನ್ನು ಬೆಟ್ಟದ ಮೇಲೆ ಹೊತ್ತವರು ಯಾರು? ಮೂರು ವರ್ಷ ಕಾಲೇಜಿನ ಅಂಗಳದಲ್ಲೇ ಕುಣಿದವನಿಗೆ ಹಾಜರಿ ಕೊಟ್ಟ ಪುಣ್ಯಾತ್ಮ ಯಾರು? ನಾನೂ ಮೇಷ್ಟರಾಗಿದ್ದರಿಂದ ಈ ಕೊನೆಯ ಪ್ರಶ್ನೆ ಸ್ವಲ್ಪ ಹೆಚ್ಚೇ ಚುಚ್ಚುತ್ತಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಮೇಗುಂದದ ಕಡೆಯ ಶಾಲೆಯೊಂದಕ್ಕೆ ವರ್ಗವಾಗಿ ಬಂದು, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಶನಿವಾರ ಶಾಲೆಗೆ ಬೀಗ ಹಾಕಿದರೆ ಸೋಮವಾರದವರೆಗೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಭಾನುವಾರ ಕೊಪ್ಪಕ್ಕೆ ಹೋಗಿ ಮ್ಯಾಟಿನಿ ನೋಡಿ ಸಂಜೆಯ ಕೊನೆಯ ಬಸ್ಸಿಗೆ ಮರಳುತ್ತಿದ್ದೆ. ಸಿನಿಮಾ ಬರೀ ನೆಪ. ನಾನು ಕಾಯುತ್ತಿದ್ದುದು ಬಸ್ಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ನಾಗೇಂದ್ರಣ್ಣನಿಗೆ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ಅವರೂ ಅದೇ ಮ್ಯಾಟಿನಿಯಿಂದ ಬಂದವರೇ.

"ಮೇಷ್ಟ್ರೆ, ಇಂಟರ್‌ವಲ್ ತನಕ ಇದ್ದ ಹೀರೋನ ತಂಗಿ ಆಮೇಲೆ ಎಲ್ಲಿಗೆ ಹೋದ್ಲು ಮಾರಾಯ್ರೆ?"

"ಮದುವೆ ಆಗಿರ್ಬಹುದು."

"ನಮಗೆ ಒಂದು ಲಾಡು ತೋರಿಸ್ದೆ? ಆ ಅಣ್ಣ ಅಂಥವ್ನಲ್ಲ, ಬಿಡಿ."

ಈ ತಂಗಿ ಮೂರು ಭಾನುವಾರ ನಮ್ಮ ಜೊತೆ ಪ್ರಯಾಣ ಮಾಡಿದಳು. ನಾಲ್ಕನೆಯ ವಾರ ಹಿಂದಿನ ಸೀಟಿನಿಂದ ಟಾಕೀಸಿನಲ್ಲಿ ಮ್ಯಾಟಿನಿ ಓಡಿಸುವ ಆಪರೇಟರ್ ಶೇಷಪ್ಪ ಬಾಯಿ ಹಾಕಿದ. ಅವನ ಮನೆಯೂ ನಮ್ಮ ಕಡೆಯೇ, ಅವನಿಗೂ ಇದೇ ಬಸ್ಸು.

"ಮೇಷ್ಟ್ರೆ, ತಂಗಿ ಹತ್ತನೇ ರೀಲಲ್ಲಿ ಇದಾಳೆ. ಉದ್ದದ ಸಿನಿಮಾ ಬಂದಾಗ ನಾನು ಒಂದು ರೀಲು ಬಿಡ್ತೇನೆ. ಇಲ್ದಿದ್ರೆ ಈ ಬಸ್ಸು ಸಿಕ್ತದಾ? ನಾವು ಮೂರೂ ಜನ ನಡೀಬೇಕು!"

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ ಎಂದುಕೊಳ್ಳುತ್ತೇನೆ. ಆದರೆ ಅಂದಿನಿಂದ ನಾನು ಯಾವ ತೂತು ತೋರಿಸಿದರೂ ನಾಗೇಂದ್ರಣ್ಣ, "ರೀಲು ಬಿಟ್ಟಿರ್ತಾನೆ" ಎಂದು ಕಿಟಕಿಯತ್ತ ತಿರುಗುತ್ತಿದ್ದರು. ಆಮೇಲೆ ಎರಡು ಭಾನುವಾರ ಅವರು ಸಿನಿಮಾಕ್ಕೇ ಬರಲಿಲ್ಲ.

ದಸರಾ ರಜೆಯಲ್ಲಿ ಶಿವಮೊಗ್ಗಕ್ಕೆ ಹೋದಾಗ ಅದೇ ಸಿನಿಮಾ ಅಲ್ಲಿ ಮತ್ತೆ ಹಾಕಿದ್ದರು. ಕೊಪ್ಪದ ಹಾಗೆ ಕೊನೆಯ ಬಸ್ಸಿನ ಅವಸರ ಅಲ್ಲಿಲ್ಲ, ಪೂರ್ತಿ ತೋರಿಸಿದರು. ತಂಗಿ ಇದ್ದಳು. ನರ್ಸಿಂಗ್ ಓದಲು ಮೈಸೂರಿನ ಅತ್ತೆ ಮನೆಗೆ ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿದಳು. ಅಷ್ಟೇ. ಮೂರು ವಾರದ ಸಂಭಾಷಣೆಗೆ ಅರ್ಧ ನಿಮಿಷದ ಉತ್ತರ.

ರಜೆ ಮುಗಿದ ಮೇಲೆ ಕೊಪ್ಪದ ಬಸ್ಸಿನಲ್ಲಿ ನಾಗೇಂದ್ರಣ್ಣ ಸಿಕ್ಕರು. ಅವತ್ತು ಸಂತೆಯ ಚೀಲ ಮಾತ್ರ, ಸಿನಿಮಾ ಇಲ್ಲ.

"ಶಿವಮೊಗ್ಗದಲ್ಲಿ ಪೂರ್ತಿ ನೋಡ್ದೆ," ಎಂದೆ. "ಅಲ್ಲೂ ತಂಗಿ ಇಲ್ಲ."

ಅವರ ಮುಖ ಅರಳಿತು. "ನಾ ಹೇಳ್ಲಿಲ್ವಾ! ಕತೆ ಬರೆದವನಿಗೇ ಮರ್ತು ಹೋಗಿದೆ! ಶೇಷಪ್ಪ, ಎಂತದಾ ನಿನ್ನ ಹತ್ತನೇ ರೀಲು?"

ಹಿಂದಿನ ಸೀಟಿನಲ್ಲಿದ್ದ ಶೇಷಪ್ಪ ನನ್ನ ಮುಖ ನೋಡಿದ. ನಾನು ಚಪ್ಪಲಿ ನೋಡಿಕೊಂಡೆ.

"ಅದು ಬೇರೆ ಸಿನಿಮಾದ್ದಿರ್ಬೇಕು, ಅಣ್ಣ," ಎಂದು ಎದ್ದು ಬಂದು ಮುಂದಿನ ಸೀಟಿನಲ್ಲಿ ನಮ್ಮ ಕಡೆ ತಿರುಗಿ ಕೂತ. "ನಂಗೆ ಅನ್ನಿಸೋದು, ಕ್ಲೈಮ್ಯಾಕ್ಸಲ್ಲಿ ಬರೋ ಆ ಪೊಲೀಸಿನವ್ನೇ ಅವಳನ್ನ ಅಡಗಿಸಿಟ್ಟಿದಾನೆ."

ಹಾಗೆ ಇನ್ನೆರಡು ವರ್ಷ ನಡೆಯಿತು. ತಂಗಿ ಇಲ್ಲವೆಂದು ಎಷ್ಟು ಸಲ ಆಣೆ ಹಾಕಿದ್ದೇನೆಂದರೆ, ಈಗ ಕಣ್ಣು ಮುಚ್ಚಿದರೆ ಶಿವಮೊಗ್ಗದ ಪರದೆಯ ಮೇಲೆ ಅವಳು ಕಾಣುವುದಿಲ್ಲ. ಮೈಸೂರಿನ ಅತ್ತೆ ಸಿನಿಮಾದಲ್ಲಿ ಇದ್ದದ್ದೋ, ನಾಗೇಂದ್ರಣ್ಣ ಊಹಿಸಿದ್ದೋ, ನಾನೇ ಈಗ ಸೇರಿಸಿದ್ದೋ ಖಚಿತವಾಗಿ ಹೇಳಲಾರೆ. ಕೇಳೋಣವೆಂದರೆ ನನಗೆ ಮತ್ತೆ ವರ್ಗವಾಯಿತು; ಇಲ್ಲಿಯ ಬಸ್ಸಿನಲ್ಲಿ ಪಕ್ಕದ ಸೀಟಿನವರು ಸಿನಿಮಾ ನೋಡುವುದಿಲ್ಲವಂತೆ.