ಹೊಂಗೆ ಮರ, ನಂಬರ್ ನಲವತ್ತೇಳು

ನಾನು ಯಾರ ತಂಟೆಗೂ ಹೋಗುವವನಲ್ಲ. ತಂಟೆಗಳೇ ನಮ್ಮ ಬೀದಿಗೆ ಬಂದು ನನ್ನ ಮನೆ ಯಾವುದು ಅಂತ ವಿಚಾರಿಸುತ್ತವೆ. ಹಾಗೆ ಬಂದವುಗಳಲ್ಲಿ ಈ ಹೊಂಗೆ ಮರದ್ದೂ ಒಂದು. ಇದರಲ್ಲಿ ಮುಕ್ಕಾಲು ಪಾಲು ನಡೆದದ್ದು. ಉಳಿದ ಕಾಲು ಪಾಲೂ ನಡೆಯಬೇಕಾಗಿತ್ತು, ಯಾಕೋ ನಡೆಯಲಿಲ್ಲ. ಹೇಳುವಾಗ ಸೇರಿಸಿಕೊಳ್ಳುತ್ತೇನೆ.

ಕಾಣದ ಮಹಡಿ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ತುಮಕೂರಿನಲ್ಲಿ ನನ್ನದು ಅಂಗಡಿಗಳಿಗೆ ಬೋರ್ಡ್ ಬರೆಯುವ ಕೆಲಸ. ನಮ್ಮ ಬೀದಿ ಮೂಲೆಯಲ್ಲಿ ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಂಥ ಹೊಂಗೆ ಮರ. ಅದರ ಕೆಳಗೆ ಸಾಬರ ಸೈಕಲ್ ಶಾಪ್. ಶಾಪ್ ಅಂದರೆ ಒಂದು ಪೆಟ್ಟಿಗೆ, ಒಂದು ಗಾಳಿ ಪಂಪು, ಪಂಕ್ಚರ್ ನೋಡುವ ಒಂದು ಬಾನಿ ನೀರು. ಮಿಕ್ಕಿದ್ದೆಲ್ಲ ಮರದ್ದೇ. ಕೊಂಬೆಯೇ ಸೂರು, ಕಾಂಡವೇ ಗೋಡೆ, ಅದಕ್ಕೆ ಹೊಡೆದ ಮೊಳೆಗಳಿಗೆ ಟೈರು.

ಮರದ ಹಿಂದಿನ ಸೈಟಿನಲ್ಲಿ ಕೊಬ್ಬರಿ ಸಾಹುಕಾರರು ಮಹಡಿ ಮನೆ ಕಟ್ಟಿದರು. ಮರದ ಮರೆಯಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಗೃಹಪ್ರವೇಶಕ್ಕೆ ಬಂದ ನೆಂಟರು ಎದುರಿಗಿದ್ದ ರಿಟೈರ್ಡ್ ಹೆಡ್‌ಮೇಷ್ಟ್ರ ಮನೆಗೆ ಹೋಗಿ, ಕಾಫಿ ಕುಡಿದು, "ಮನೆ ಚೆನ್ನಾಗಿ ಕಟ್ಟಿಸಿದೀರಿ" ಅಂದು ಹೋದರು.

ಮಾರನೆಯ ದಿನವೇ ಸಾಹುಕಾರರು ಮರದ ಕೆಳಗೆ ಬಂದರು. "ಸಾಬ್ರೇ, ಬೇರೆ ಜಾಗ ನೋಡ್ಕಳಿ. ಮರ ತೆಗೆಸ್ತೀನಿ."

"ಇಪ್ಪತ್ತು ವರ್ಷದಿಂದ ಇಲ್ಲೇ ಇದೀನಿ ಸಾವ್ಕಾರ್ರೆ. ಬಿಸಿಲಲ್ಲಿ ಕೂತ್ರೆ ಸಲ್ಯೂಷನ್ನೂ ಒಣಗ್ತದೆ, ನಾನೂ ಒಣಗ್ತೀನಿ."

ಎದುರು ಮನೆಯ ಜಗಲಿಯಿಂದ ಮೇಷ್ಟ್ರು ಕೂಗಿದರು: "ಹಾಗೆಲ್ಲ ಕಡಿಯೋ ಹಾಗಿಲ್ಲ! ಪರ್ಮಿಷನ್ ಬೇಕು. ಕಾನೂನು ಬಂದಿದೆ!"

"ಮರಕ್ಕೂ ಕಾನೂನಾ? ಹಂಗೇ ಬೇಲಿಗೂ ಒಂದು ತರಿಸ್ಬುಡಿ ಮೇಷ್ಟ್ರೆ" ಅಂದರು ಸಾಹುಕಾರರು.

ಮೇಷ್ಟ್ರಿಗೆ ರೇಗಿತು. ಅರ್ಜಿ ಬರೆದು, ಸಾಕ್ಷಿಗೆ ನನ್ನನ್ನು ಕರೆದರು. "ಸುಳ್ಳು ಹೇಳದಿರೋನು ಬೇಕಿತ್ತು. ಯಾರೂ ಬಿಡುವಾಗಿಲ್ಲ, ನೀನೇ ಬಾರಪ್ಪ."

ಗುಬ್ಬಿಯಲ್ಲಿ ಸಿಕ್ಕ ಸಲಹೆ

ಅರಣ್ಯ ಇಲಾಖೆಯ ಮರಗಳ ಸಾಹೇಬರು ತುಮಕೂರಿನ ಆಫೀಸಿನಲ್ಲಿರಲಿಲ್ಲ. ಗುಬ್ಬಿಯಲ್ಲಿ ಕ್ಯಾಂಪು ಅಂದರು. ಬಸ್ಸು ಹತ್ತಿ ಗುಬ್ಬಿಗೆ ಹೋದರೆ ಅಲ್ಲೂ ಅವರಿಲ್ಲ, ಗುಮಾಸ್ತರೊಬ್ಬರು ಇದ್ದರು.

"ಮರ ಕಡಿದ್ರಾ?"

"ಇಲ್ಲ, ಕಡಿಯೋರಿದಾರೆ" ಅಂದರು ಮೇಷ್ಟ್ರು.

ಗುಮಾಸ್ತರು ಪೆನ್ನು ಕೆಳಗಿಟ್ಟರು. "ಮತ್ತೆ ಅಪರಾಧ ಎಲ್ಲಾಯ್ತು ಸಾರ್? ಮೊದಲು ಕಡೀಲಿ. ಆಮೇಲೆ ಬನ್ನಿ, ಬಿಡೋದೇ ಇಲ್ಲ ಅವರನ್ನ."

"ಕಡಿದ ಮೇಲೆ ಮರ ಎಲ್ಲಿರುತ್ತಪ್ಪ?"

"ಬುಡ ಇರುತ್ತಲ್ಲ ಸಾರ್. ಮಹಜರಿಗೆ ಬುಡ ಸಾಕು."

ಇರುವುದೊಂದೇ ಫಾರಂ

ಸಾಹೇಬರಿಗೆ ಕುಣಿಗಲ್ಲೂ ಇನ್‌ಚಾರ್ಜ್ ಇತ್ತಂತೆ. ಮುಂದಿನ ವಾರ ಅಲ್ಲಿಗೇ ಹೋದೆವು. ಈ ಸಲ ಸಿಕ್ಕರು. ಒಳ್ಳೆಯ ಮನುಷ್ಯ, ಕುರ್ಚಿ ಹಾಕಿಸಿದರು. "ಬಿಳಿ ಹಾಳೇಲಿ ಬರೆದದ್ದು ನಡೆಯಲ್ಲ ಮೇಷ್ಟ್ರೆ. ಫಾರಂನಲ್ಲಿ ಕೊಡಿ" ಅಂದರು.

ಫಾರಂ ಬಂತು. ಮೇಲೆ "ಮರ ಕಡಿಯಲು ಅನುಮತಿ ಕೋರಿ ಅರ್ಜಿ" ಅಂತ ಅಚ್ಚಾಗಿತ್ತು.

"ಕಡಿಯಬಾರದು ಅನ್ನೋದಕ್ಕೆ ಯಾವ ಫಾರಂ?"

"ಇರೋದು ಇದೊಂದೇ. ಕೊನೇಲಿ 'ಷರಾ' ಅಂತ ಕಾಲಂ ಇದೆ ನೋಡಿ, ಅಲ್ಲಿ ಕಡಿಯಬಾರದು ಅಂತ ಬರೀರಿ."

ನನ್ನ ಅಕ್ಷರ ಚೆನ್ನಾಗಿದೆ ಅಂತ ಮೇಷ್ಟ್ರು ಫಾರಂ ನನ್ನ ಕೈಗೆ ಕೊಟ್ಟರು. "ಮರದಿಂದ ಆಗುತ್ತಿರುವ ತೊಂದರೆ" ಅಂತ ಒಂದು ಕಾಲಂ. ಯಾವ ಕಾಲಮ್ಮೂ ಖಾಲಿ ಬಿಡಬಾರದು ಅಂದರು ಸಾಹೇಬರು. ನಾನು ತಮಾಷೆಗೆ "ಮಹಡಿ ಕಾಣುವುದಿಲ್ಲ" ಅಂತ ಬರೆದೆ. ಮೇಷ್ಟ್ರು ಕನ್ನಡಕ ಮರೆತು ಬಂದಿದ್ದರು, ನಂಬಿಕೆಯ ಮೇಲೆ ಸಹಿ ಹಾಕಿದರು.

ಹದಿನೈದು ದಿನಕ್ಕೆ ಅವರ ಹೆಸರಿಗೆ ಲಕೋಟೆ ಬಂತು. ಮಹಡಿ ಕಾಣದಿರುವ ತೊಂದರೆಯನ್ನು ಪರಿಗಣಿಸಿ, ಸದರಿ ಹೊಂಗೆ ಮರವನ್ನು ಕಡಿಯಲು ಅನುಮತಿ ನೀಡಲಾಗಿತ್ತು. ಷರಾವರೆಗೆ ಯಾರೂ ಓದಿರಲಿಲ್ಲ.

ನಮ್ಮ ಪೋಸ್ಟ್‌ಮ್ಯಾನ್ ಬಾಯಿಂದ ಸುದ್ದಿ ಹರಡಿತು. ಸಾಹುಕಾರರು ಸಂಜೆಯೇ ತಟ್ಟೆಯಲ್ಲಿ ಬಾಳೆಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ಮೇಷ್ಟ್ರ ಮನೆಗೆ ಬಂದರು. ಕಣ್ಣಲ್ಲಿ ನೀರು. "ಬಾಯಲ್ಲಿ ಬೈದ್ರೂ ಮನಸ್ಸು ಬಂಗಾರ ಕಣ್ರೀ ನಿಮ್ದು!"

"ಇದು ನನ್ನ ಹೆಸರಿಗೆ ಬಂದದ್ದು. ನಾನು ಕಡಿಸೋದಿಲ್ಲ!"

"ನೀವ್ಯಾಕೆ ತೊಂದ್ರೆ ತಗೋತೀರಿ? ಕೊಡ್ಲಿ ನಂದು" ಅಂತ ಸಾಹುಕಾರರು ಕಾಗದ ಜೇಬಿಗಿಟ್ಟುಕೊಂಡು ಹೋದರು. ಮೇಷ್ಟ್ರು ನನ್ನನ್ನು ನೋಡಿದರು. ನಾನು ಬಾಳೆಹಣ್ಣು ನೋಡಿದೆ.

ಬಚ್ಚಲಲ್ಲಿದ್ದ ಅಂಕಿಗಳು

ಸೋಮವಾರ ಕಡಿಯುವುದು ಅಂತಾಯಿತು. ಭಾನುವಾರ ಬೆಳಿಗ್ಗೆ ಸಾಬರು ಮರದ ಮೊಳೆಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಿದ್ದರು. ನನ್ನನ್ನು ಬೈದಿದ್ದರೆ ಸುಮ್ಮನಿರುತ್ತಿದ್ದೆ. "ನಿಮ್ ಸೈಕಲ್ಗೆ ಗಾಳಿ ಕಮ್ಮಿ ಐತೆ, ಇವತ್ತೇ ಹೊಡ್ಸ್ಕಳಿ ಭಾಯ್" ಅಂದುಬಿಟ್ಟರು.

ಹಿಂದೊಮ್ಮೆ ಗುಬ್ಬಿ ರಸ್ತೆಯ ಸಾಲುಮರಗಳಿಗೆ ನಂಬರ್ ಬರೆಯುವ ಕೆಲಸ ಮಾಡಿದ್ದೆ. ಅದರ ಅಂಕಿ ಕೊರೆದ ತಗಡುಗಳು ಮನೆಯಲ್ಲಿದ್ದವು. ಹುಡುಕಿದರೆ ನಾಲ್ಕು, ಏಳು ಎರಡೇ ಸಿಕ್ಕವು. ಮಿಕ್ಕವನ್ನು ನನ್ನ ಹೆಂಡತಿ ಬಚ್ಚಲ ತೂಬಿಗೆ ಜಾಲರಿ ಮಾಡಿಕೊಂಡಿದ್ದಳು. ಖಾಕಿ ಶರ್ಟು ಹಾಕಿ, ಮಟಮಟ ಮಧ್ಯಾಹ್ನ, ಎಲ್ಲರೂ ನೋಡುತ್ತಿರುವಾಗಲೇ ಮರಕ್ಕೆ ಬಿಳಿ ಪಟ್ಟಿ ಬಳಿದು, ಕರೀ ಬಣ್ಣದಲ್ಲಿ ನಲವತ್ತೇಳು ಅಂತ ಒತ್ತಿದೆ. ಖಾಕಿ ಹಾಕಿದವನನ್ನು ಹಗಲಲ್ಲಿ ಯಾರೂ ಏನೂ ಕೇಳುವುದಿಲ್ಲ. ಸಾಹುಕಾರರ ಮನೆಯಾಕೆ ಮಜ್ಜಿಗೆ ಕೂಡ ಕಳಿಸಿದರು.

ಸೋಮವಾರ ಊರ್ಡಿಗೆರೆಯಿಂದ ಮರ ಕಡಿಯುವವರು ಬಂದರು. ಅವರ ಯಜಮಾನ ಮರ ನೋಡಿದವನೇ ಕೊಡಲಿ ಕೆಳಗಿಟ್ಟ. "ನಂಬರ್ ಇರೋ ಮರ, ಸರ್ಕಾರದ್ದು. ಮುಟ್ಟಕ್ಕಿಲ್ಲ ಬುದ್ಧಿ."

"ಪರ್ಮಿಷನ್ ಐತಲ್ಲಯ್ಯಾ!" ಅಂತ ಸಾಹುಕಾರರು ಕಾಗದ ಹಿಡಿದರು.

ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ನಂಗೆ ಓದು ಬರಕ್ಕಿಲ್ಲ, ನಂಬರ್ ಗೊತ್ತಾಯ್ತದೆ. ಇದ್ರಲ್ಲಿ ನಲವತ್ತೇಳು ಎಲ್ಲೈತೆ? ಇದು ಯಾವ್ದೋ ಬ್ಯಾರೆ ಮರದ್ದು ಬುಡಿ."

ಬಾನಿ ನೀರು

ನಂಬರ್ ಅಳಿಸಿಕೊಡಿ ಅಂತ ಸಾಹುಕಾರರು ಸಾಹೇಬರನ್ನೇ ಕರೆದುಕೊಂಡು ಬಂದರು. ಸಾಹೇಬರು ಮರಕ್ಕೆ ಒಂದು ಸುತ್ತು ಹಾಕಿದರು.

"ಇದು ನಲವತ್ತೇಳು. ಒಂದರಿಂದ ನಲವತ್ತಾರು ಎಲ್ಲಿ?"

ಬೀದಿಯಲ್ಲಿ ಮತ್ತೊಂದು ಮರ ಇರಲಿಲ್ಲ. ಎಲ್ಲರೂ ಸಾಹುಕಾರರ ಕಡೆ ನೋಡಿದರು.

"ನಾನ್ ನೋಡಿಲ್ಲ ಸಾರ್!"

"ನಿಮ್ಮ ಮನೆ ಬಾಗಿಲು, ಕಿಟಕಿ ಯಾವ ಮರದ್ದು?"

ಸಾಹುಕಾರರು ಅವತ್ತು ಮನೆಯೊಳಗೆ ಹೋದವರು ಮರದ ಮಾತೆತ್ತಲಿಲ್ಲ. ಆದರೆ ಸಾಹೇಬರಿಗೆ ನಿದ್ದೆ ಹೋಯಿತು. ತಮ್ಮ ಕಾಲದಲ್ಲಿ ನಲವತ್ತಾರು ಮರ ಮಾಯ! ಮಳೆ ಬೀಳುತ್ತಲೇ ನಮ್ಮ ಬೀದಿಗೆ ನಲವತ್ತಾರು ಸಸಿ ಬಂದವು. ನಂಬರ್ ಬರೆಯುವ ಕೆಲಸ ನನಗೇ ಸಿಕ್ಕಿತು. ಬಚ್ಚಲ ತಗಡುಗಳನ್ನು ಕಿತ್ತು ತಂದೆ. ಸಸಿ ಬೆರಳು ದಪ್ಪ, ಅಂಕಿ ಅಂಗೈ ಅಗಲ. ಒಂದೊಂದಕ್ಕೂ ಹಲಗೆ ಕಟ್ಟಬೇಕಾಯಿತು. ರಿಜಿಸ್ಟರಿನಲ್ಲಿ ಒಂದರಿಂದ ನಲವತ್ತೇಳರವರೆಗೆ ಎಲ್ಲವನ್ನೂ ಒಂದೇ ದಿನ ನೆಟ್ಟಿದ್ದು ಅಂತ ಬರೆದರು.

ಮರುವರ್ಷ ಬೆಂಗಳೂರಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಮೊಣಕಾಲುದ್ದದ ಸಸಿಗಳನ್ನು ಒಂದೊಂದಾಗಿ ರಿಜಿಸ್ಟರಿಗೆ ಹೋಲಿಸುತ್ತಾ ಬಂದು, ನಲವತ್ತೇಳನೆಯದರ ಮುಂದೆ ನಿಂತು ಕತ್ತೆತ್ತಿದರು. ಕತ್ತು ಎತ್ತುತ್ತಲೇ ಹೋಯಿತು.

"ಇದೂ ಅವತ್ತೇ ನೆಟ್ಟಿದ್ದಾ?"

"ಹೌದು ಸಾರ್" ಅಂದರು ನಮ್ಮ ಸಾಹೇಬರು. ದನಿ ಬಹಳ ಸಣ್ಣಗಿತ್ತು.

"ಇದೊಂದೇ ಯಾಕೆ ಹೀಗೆ ಬೆಳೆದಿದೆ?"

ನಮ್ಮ ಸಾಹೇಬರು ರಿಜಿಸ್ಟರಿನ ಹಾಳೆ ತಿರುವತೊಡಗಿದರು. ಕೆಳಗೆ ಟ್ಯೂಬ್ ಉಜ್ಜುತ್ತಿದ್ದ ಸಾಬರು ತಲೆ ಎತ್ತದೆ ಹೇಳಿದರು: "ನಾನು ಡೈಲಿ ಪಂಕ್ಚರ್ ಬಾನಿ ನೀರು ಹಾಕ್ತೀನಿ ಸಾಬ್."

ದೊಡ್ಡ ಸಾಹೇಬರು ಬಾನಿಯಲ್ಲಿ ಬೆರಳದ್ದಿ ನೋಡಿದರು, ಮೂಸಿ ನೋಡಿದರು, ಪುಸ್ತಕದಲ್ಲಿ ಬರೆದುಕೊಂಡರು.

ತಿಂಗಳೊಳಗೆ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಆಫೀಸಿಗೆ ಸುತ್ತೋಲೆ ಬಂತು. ನಾನು ಕಣ್ಣಾರೆ ಕಂಡಿದ್ದೇನೆ, ಇಲ್ಲವೇ ಕಂಡವರು ಹೇಳಿದ್ದಾರೆ: "ಸಸಿ ನೆಟ್ಟ ಕಡೆ ಒಂದು ಸೈಕಲ್ ಶಾಪ್ ಇರುವಂತೆ ನೋಡಿಕೊಳ್ಳತಕ್ಕದ್ದು. ಈಗಾಗಲೇ ಇರುವುದನ್ನು ಯಾವ ಕಾರಣಕ್ಕೂ ಎಬ್ಬಿಸತಕ್ಕದ್ದಲ್ಲ."