ಚೇಳು ಸಾಕಿ ಗುರುವಾದೆ!

ಧೈರ್ಯ ಹುಟ್ಟಿನಿಂದ ಬರುವುದಿಲ್ಲ, ಸಾಕಿದರೆ ಬರುತ್ತದೆ! ಈ ಮಹಾಸತ್ಯ ನನಗೆ ಹೊಳೆದದ್ದು ಬಚ್ಚಲುಮನೆಯ ಬಾಗಿಲಲ್ಲಿ, ಟವೆಲ್ ಸುತ್ತಿಕೊಂಡು ನಿಂತಿದ್ದಾಗ. ಒಳಗೆ ಸಾಬೂನಿನ ಮೇಲೆ ಒಂದು ಜಿರಳೆ ಕುಳಿತಿತ್ತು. ಅದು ಏಳಲಿಲ್ಲ, ನಾನು ಹೋಗಲಿಲ್ಲ. ಕೊನೆಗೆ ಸ್ನಾನವಿಲ್ಲದೆಯೇ ಭೋಸರಿಯ ನಮ್ಮ ಕಾರ್ಖಾನೆಯ ಆಫೀಸಿಗೆ ಹೊರಟುಹೋದೆ. ಸಂಜೆ ಬಂದು ನೋಡಿದರೆ, ನನ್ನ ಹೆಂಡತಿ ದೀಪಾಲಿ ತವರಿಗೆ ಫೋನು ಹಚ್ಚಿ ಬಿದ್ದು ಬಿದ್ದು ನಗುತ್ತಿದ್ದಳು.

"ಹೌದವ್ವಾ, ಜೊಂಡಿಗಕ್ಕ ಹೆದರಿ ಜಳಕಾನ ಮಾಡಲಿಲ್ಲ ನಿನ್ನ ಅಳಿಯ!"

ಅವಮಾನ! ಘೋರ ಅವಮಾನ! ಆ ಕ್ಷಣವೇ ಪ್ರತಿಜ್ಞೆ ಮಾಡಿದೆ: ಬಸವಪ್ರಭು ಎಂಬ ನನ್ನ ಹೆಸರು ಕೇಳಿದರೆ ಇನ್ನು ಮುಂದೆ ಇಡೀ ಅತ್ತೆಮನೆ ಎದ್ದು ನಿಲ್ಲಬೇಕು!

ಅದೃಷ್ಟ ನೋಡಿ, ಈ ಮರಾಠಿ ಊರಿನ ನಮ್ಮ ಕನ್ನಡ ಬಳಗದ ಮಿಥುನ ಆ ವಾರವೇ ಮಗರಪಟ್ಟಾದ ಕೆಲಸ ಬಿಟ್ಟು ಹೈದರಾಬಾದಿಗೆ ಹೊರಟಿದ್ದ. ಅವನ ಬಳಿ ಗಾಜಿನ ಪೆಟ್ಟಿಗೆಯಲ್ಲಿ, ಮರಳಿನ ಮೇಲೆ, ಮರುಭೂಮಿಯ ಚೇಳೊಂದು ವಾಸವಾಗಿತ್ತು.

"ಸೂಪರ್ ಪೆಟ್ ಸರ್! ಬೊಗಳಲ್ಲ, ವಾಕಿಂಗ್ ಬೇಡ. ವಾರಕ್ಕೊಂದು ಜಿರಳೆ ಹಾಕಿದ್ರೆ ಮುಗೀತು. ಇನ್ನೂ ಎಳೇದು, ಚೆನ್ನಾಗಿ ಬೆಳೆಯುತ್ತೆ."

ಚೇಳು ಸಾಕಿದವನನ್ನು ಯಾರು ತಾನೇ ಪುಕ್ಕಲ ಎಂದಾರು? ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಕಾಲಿನ ಬಳಿ ಇಟ್ಟುಕೊಂಡೆ. ದಾರಿಯುದ್ದಕ್ಕೂ ಕಾಲನ್ನು ಮಾತ್ರ ಎತ್ತಿಕೊಂಡೇ ಇದ್ದೆ. ಮನೆ ಮುಟ್ಟುವಷ್ಟರಲ್ಲಿ ಅದಕ್ಕೆ 'ರಣಧೀರ' ಎಂದು ನಾಮಕರಣವೂ ಆಗಿತ್ತು.

"ಅಯ್ಯ ಶಿವನ! ಮಂದಿ ಗಿಳಿ ಸಾಕ್ತಾರ, ನಾಯಿ ಸಾಕ್ತಾರ. ನಿಮಗ ಚೇಳೇ ಬೇಕಾತೇನ್ರಿ?" ಎಂದಳು ದೀಪಾಲಿ.

"ಇದಕ್ಕ ಎದಿ ಬೇಕು ದೀಪಾಲಿ, ಎದಿ!"

"ಎದಿ ಇರ್ಲಿ. ಇದಕ್ಕ ಜೊಂಡಿಗ ಹಿಡಿದು ಹಾಕಾವ್ರು ಯಾರು?"

ಅಯ್ಯೋ! ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವಳು ಅಡುಗೆಮನೆಗೆ ಹೋಗಿ, ಸಿಂಕಿನ ಕೆಳಗಿಂದ ಒಂದನ್ನು ಮೀಸೆ ಹಿಡಿದು ಎತ್ತಿ ತಂದು ಪೆಟ್ಟಿಗೆಗೆ ಹಾಕಿ ಕೈ ತೊಳೆದುಕೊಂಡಳು. ಅಂದಿನಿಂದ ಉಣಿಸುವುದು ಅವಳ ಖಾತೆ, ದೂರದಿಂದ ಧೈರ್ಯವಾಗಿ ನೋಡುವುದು ನನ್ನ ಖಾತೆ!

ಆದರೆ ನೋಡುವುದರಲ್ಲಿ ಏನು ಸುಖ ಅಂತೀರಿ! ಪರದೆ ಎಳೆದು, ಮಿಥುನ ಕೊಟ್ಟಿದ್ದ ನೇರಳೆ ಟಾರ್ಚು ಹಿಡಿದರೆ ರಣಧೀರ ಹಸಿರು ಹಸಿರಾಗಿ ಹೊಳೆಯುತ್ತಿದ್ದ! ನಾನು ಕುಣಿದಾಡಿಬಿಡುತ್ತಿದ್ದೆ. ಆಫೀಸಿನಿಂದ ಬಂದವನೇ ಬಾಗಿಲು ಹಾಕಿಕೊಂಡು ಅವನ ಜೊತೆ ಮಾತಿಗೆ ಕೂರುತ್ತಿದ್ದೆ.

ಒಂದೇ ತೊಂದರೆಯೆಂದರೆ ಗೋಡಬೋಲೆ ಕಾಕೂ. ನಮ್ಮ ಮನೆಯ ಮಾಲಕಿ, ಇರುವುದು ಪಕ್ಕದ ಫ್ಲಾಟಿನಲ್ಲೇ, ನನ್ನ ಮಾತೆಲ್ಲ ಗೋಡೆಯಾಚೆ ಅವರಿಗೆ ಕೇಳಿಸುತ್ತಿತ್ತು. ಬೆಕ್ಕನ್ನು ಕಂಡರೂ ಆಗದವರು ಚೇಳನ್ನು ಕಂಡರೆ ನಮ್ಮ ಗಂಟುಮೂಟೆ ರಸ್ತೆಗೆ ಬೀಳುವುದು ಖಂಡಿತ. ಒಂದು ಸಂಜೆ ಬಾಲ್ಕನಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿಯೇಬಿಟ್ಟರು.

"ಕೋಣ ಆಹೆ ತ್ಯಾ ಖೋಲೀತ?"

ಆ ಕೋಣೆಯಲ್ಲಿ ಯಾರಿದ್ದಾರೆ ಎಂದು ಪ್ರಶ್ನೆ. ಮರಾಠಿಯ 'ಕೋಣ' ಎಂದರೆ 'ಯಾರು' ಎಂದು ಗೊತ್ತಿದ್ದರೂ, ಆ ಪದ ಕೇಳಿದಾಗಲೆಲ್ಲ ನನ್ನನ್ನೇ ಬೈದಂತಾಗಿ ಗಾಬರಿಯಾಗುತ್ತದೆ. ಆ ಗಾಬರಿಯಲ್ಲೂ ನನ್ನ ಜಾಣತನ ನೋಡಿ: ಸುಳ್ಳು ಹೇಳಬಾರದು, ಸತ್ಯ ತಿಳಿಯಲೂಬಾರದು. ಆದ್ದರಿಂದ ಸತ್ಯವನ್ನು ಅಚ್ಚ ಕನ್ನಡದಲ್ಲಿ ಹೇಳಿದೆ!

"ಚೇಳು!"

"ಚೇಲಾ?" ಕಾಕೂ ಕಣ್ಣರಳಿಸಿದರು. "ತುಮಚಾ ಚೇಲಾ?"

ಆಹಾ! ಚೇಲಾ, ಅಂದರೆ ಶಿಷ್ಯ! ನನ್ನ ಶಿಷ್ಯನೇ ಎಂದು ಅವರು ಕೇಳುತ್ತಿದ್ದಾರೆ! ಇಂಥ ಅಪಾರ್ಥ ಬೇಕೆಂದರೂ ಸಿಗುತ್ತದೆಯೇ? ಹೌದೆಂದು ತಲೆಯಾಡಿಸಿದೆ. ಮುಂದಿನ ವಿಚಾರಣೆಯೆಲ್ಲ ಮರಾಠಿಯಲ್ಲೇ ನಡೆಯಿತು, ನಾನು ಹೇಳಿದ ಒಂದೊಂದು ಉತ್ತರವೂ ಅಪ್ಪಟ ಸತ್ಯ!

"ಊಟಕ್ಕೆ ಏನು ಕೊಡುತ್ತೀರಿ?"

"ಕೊಟ್ಟರೂ ಈಚೆಗೆ ಮುಟ್ಟುತ್ತಿಲ್ಲ."

"ಉಪವಾಸ! ಮಲಗುವುದು?"

"ಮರಳಿನ ಮೇಲೆ."

"ಮಾತುಕತೆ?"

"ಒಂದಕ್ಷರವಿಲ್ಲ. ಬೆಳಕಿಗೂ ಬರುವುದಿಲ್ಲ. ಕತ್ತಲಲ್ಲಿ ಮಾತ್ರ ಮೈಯೆಲ್ಲ ಹೊಳೆಯುತ್ತದೆ!"

"ದೇವಾ!" ಎಂದವರೇ ಕಾಕೂ ಕೈಮುಗಿದುಬಿಟ್ಟರು.

ಕಾಕೂ ಸೊಸೈಟಿಗೆಲ್ಲ ಸುದ್ದಿ ಹಬ್ಬಿಸಿದರು, ಮರುದಿನದಿಂದ ನನ್ನ ಯೋಗವೇ ಬದಲಾಯಿತು. ಶಿಷ್ಯನೇ ಹೀಗೆ ಹೊಳೆಯುತ್ತಿದ್ದರೆ ಗುರು ಎಂಥವನಿರಬೇಕು! ಲಿಫ್ಟಿನಲ್ಲಿ ಜನ ಸರಿದು ಜಾಗ ಬಿಟ್ಟರು. ಪಾರ್ಕಿಂಗಿಗಾಗಿ ನನ್ನ ಜೊತೆ ಕಿತ್ತಾಡುತ್ತಿದ್ದ ಕೆಳಗಿನ ಮನೆಯ ಕಿಶೋರ ನನ್ನ ಸ್ಕೂಟರನ್ನು ತಾನೇ ಒರೆಸಿ ನಿಲ್ಲಿಸಿದ. ನಾನೂ ನಿಧಾನವಾಗಿ ನಡೆಯಲು, ಅರೆಗಣ್ಣು ಮುಚ್ಚಿ ಮಾತಾಡಲು ಕಲಿತೆ. ಜನ್ಮದಲ್ಲೇ ಕಾಣದ ಮರ್ಯಾದೆ, ಬಿಡಲು ಮನಸ್ಸು ಬರಲಿಲ್ಲ!

"ರೀ, ಖರೇ ಏನದ ಹೇಳಿಬಿಡ್ರಿ. ಭಾಳ ಆತಿದು," ಎಂದಳು ದೀಪಾಲಿ.

"ಹೇಳಿದ್ರ ಮನಿನೂ ಹೋಗ್ತದ, ಮರ್ಯಾದಿನೂ ಹೋಗ್ತದ!"

"ಯಾರ ಮರ್ಯಾದಿರಿ? ನಿಮ್ಮದೋ, ಚೇಳಿಂದೋ?"

ಅಷ್ಟರಲ್ಲಿ ಭಾನುವಾರ ಬಂತು. ಕಾಕೂ ಸೊಸೈಟಿಯ ಹೆಂಗಸರ ದಂಡು ಕಟ್ಟಿಕೊಂಡು ಬಂದರು. ಕೈಯಲ್ಲಿ ಶಾಲು, ತೆಂಗಿನಕಾಯಿ, ತಟ್ಟೆ ತುಂಬ ಬಿಸಿ ಪುರಣಪೋಳಿ! ಚೇಲಾ ಮಹಾರಾಜರ ದರ್ಶನ ಒಂದೇ ಒಂದು ಸಲ ಆಗಬೇಕಂತೆ. ನಾನು ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. ಆದರೂ ಗುರುವಲ್ಲವೇ? ಕೈ ಎತ್ತಿ ಅಭಯ ನೀಡಿ, "ಅವರು ಧ್ಯಾನದಲ್ಲಿದ್ದಾರೆ, ಕೇಳಿ ಬರುತ್ತೇನೆ," ಎಂದು ಗಂಭೀರವಾಗಿ ಒಳಗೆ ನಡೆದೆ. ಪೆಟ್ಟಿಗೆಯ ಮೇಲೆ ಬೆಡ್‌ಶೀಟ್ ಮುಚ್ಚಿ, ದರ್ಶನವಿಲ್ಲ ಎಂದುಬಿಡುವ ಉಪಾಯ.

ಮುಚ್ಚುವ ಮುನ್ನ ಒಮ್ಮೆ ಟಾರ್ಚು ಹಾಕಿದೆ. ಒಳಗೆ ರಣಧೀರ ಇದ್ದ. ಅವನ ಪಕ್ಕದಲ್ಲಿ ಇನ್ನೊಬ್ಬ ರಣಧೀರ ಇದ್ದ!

ಕೊಂಡಿ ಇತ್ತು, ಕಾಲುಗಳಿದ್ದವು, ಎಲ್ಲವೂ ಇದ್ದವು! ಚೇಳಿಗೇ ಒಬ್ಬ ಚೇಲಾ!

ಆಮೇಲೆ ಏನಾಯಿತೋ ನನಗೆ ತಿಳಿಯದು. ತಿಳಿದಾಗ ನಾನು ನಡುಮನೆಯ ಟೀಪಾಯಿಯ ಮೇಲಿದ್ದೆ, ಒಂದು ಕಾಲು ಪುರಣಪೋಳಿಯ ತಟ್ಟೆಯಲ್ಲಿತ್ತು, ಬಾಯಿ ತನ್ನಷ್ಟಕ್ಕೆ ಕಿರುಚುತ್ತಿತ್ತು.

"ಎರಡಾಗ್ಯಾವ! ದೀಪಾಲೀ, ಎರಡಾಗ್ಯಾವ! ಓಡಿ ಬಾರs!"

ದೀಪಾಲಿ ಓಡಲಿಲ್ಲ. ಸೆರಗು ಸಿಕ್ಕಿಸಿ ನಿಧಾನವಾಗಿ ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆಗೆದು ಹಾಕಿದ ಸದ್ದಾಯಿತು. ಹೊರಬಂದಾಗ ಅವಳ ಅಂಗೈ ಮೇಲೆ ಆ ಎರಡನೆಯದು ಕೂತಿತ್ತು!

"ವಿಂಚೂ!" ಎಂದು ಕಾಕೂ ಚೀರಿದರು. ಚೇಳಿಗೆ ಮರಾಠಿಯ ಆ ಹೆಸರು ಕೇಳಿದ್ದೇ ತಡ, ಹೆಂಗಸರೆಲ್ಲ ಬಾಗಿಲಿಗೆ ಅಂಟಿಕೊಂಡರು.

"ವಿಂಚೂ ನಾಹೀ ಕಾಕೂ, ಕಾತ ಆಹೆ," ಎಂದಳು ದೀಪಾಲಿ ತಣ್ಣಗೆ. ಆಮೇಲೆ ನನ್ನ ಕಡೆ ತಿರುಗಿ, "ಪೊರಿ ಬಿಟ್ಟದರಿ ಅದು. ಬೆಳೀಲಿಕ್ಹತ್ತದ. ಅದಕ್ಕs ಊಟ ಬಿಟ್ಟಿತ್ತು. ಬರೇ ಸಿಪ್ಪಿ ಇದು, ನೋಡ್ರಿ," ಎಂದು ಕೈ ಮುಂದೆ ಚಾಚಿದಳು. ನಾನು ಟೀಪಾಯಿಯಿಂದ ಸೋಫಾದ ಬೆನ್ನಿನ ಮೇಲೆ ಹತ್ತಿದೆ.

ಆಮೇಲೆ ಅವಳು ಎಲ್ಲವನ್ನೂ ಮರಾಠಿಯಲ್ಲಿ ಹೇಳಿಬಿಟ್ಟಳು. ಚೇಳು, ಮರಳು, ಟಾರ್ಚು, ಒಂದನ್ನೂ ಬಿಡಲಿಲ್ಲ. ನಾನು ಮೇಲೆಯೇ ಕೂತು, ಬೇರೆ ಬಾಡಿಗೆ ಮನೆ ಎಲ್ಲಿ ಹುಡುಕುವುದೆಂದು ಚಿಂತಿಸತೊಡಗಿದೆ. ಕಾಕೂ ಅಂಗೈಯನ್ನು ನೋಡಿದರು. ದೀಪಾಲಿಯ ಮುಖ ನೋಡಿದರು. ಕೊನೆಗೆ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ನನಗೆಂದು ತಂದಿದ್ದ ಶಾಲನ್ನು ದೀಪಾಲಿಗೆ ಹೊದಿಸಿ, ತೆಂಗಿನಕಾಯಿಯನ್ನು ಅವಳ ಉಡಿಗೆ ಹಾಕಿದರು.

"ನಿನ್ನ ವಿಂಚೂ ನಿನ್ನ ಹತ್ತಿರವೇ ಇರಲಿ ಮಗಳೇ. ನೀನಿದ್ದ ಮನೆಗೆ ಭಯವಿಲ್ಲ," ಎಂದರು. ಬಾಗಿಲವರೆಗೆ ಹೋದವರು ನನ್ನ ಕಡೆ ತಿರುಗಿ ನಿಂತರು.

"ಮನೆಯಲ್ಲಿ ಒಬ್ಬ ಚೇಲಾ ಇದ್ದಾನೆ ಎಂದಿರಲ್ಲ, ಅದರಲ್ಲಿ ಸುಳ್ಳೇನಿಲ್ಲ. ಒಳಗಿದ್ದಾನೆ ಎಂದು ನಾನೇ ತಪ್ಪು ತಿಳಿದೆ. ಅವನು ಬಾಲ್ಕನಿಯಲ್ಲಿ ನನ್ನ ಜೊತೆಯೇ ಮಾತಾಡುತ್ತಿದ್ದ!"