ಉಡಿಯಲ್ಲಿ ಕೊಟ್ಟ ಅಂತರಗಂಗೆ

ಅದರ ಎಲೆಯ ತೊಟ್ಟು ನಿಂಬೆಕಾಯಿಯಂತೆ ಊದಿಕೊಂಡಿತ್ತು. ಅಮುಕಿದರೆ ಒಳಗಿನ ಗಾಳಿ ಪುಸ್ಸೆನ್ನುತ್ತಿತ್ತು. ಮುಂಡಗೋಡದ ಕಡೆಯ ಕೆರೆಯೊಂದರಿಂದ ನೀರಿನ ಮೇಲೆ ತೇಲುವ ಆ ಅಂತರಗಂಗೆಯ ಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ದಾಂಡೇಲಿಯ ನಮ್ಮ ಬಾಡಿಗೆ ಮನೆಗೆ ತಂದೆ. ಯಜಮಾನರಿಗೆ ಕಾಗದದ ಗಿರಣಿಯಲ್ಲಿ ನೌಕರಿ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಒಂದೇ ಗಿಡ, ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ತನ್ನಷ್ಟಕ್ಕೆ ಇರುತ್ತದೆ ಎಂದು ಯಜಮಾನರಿಗೆ ಭರವಸೆ ಕೊಟ್ಟೆ.

ಅದು ತನ್ನಷ್ಟಕ್ಕೇ ಇತ್ತು. ಒಂದೇ ಇರಲಿಲ್ಲ, ಅಷ್ಟೆ!

ಬೀಜ ಬೇಡ, ಪರಾಗ ಬೇಡ. ಬುಡದಿಂದ ಅಡ್ಡಲಾಗಿ ಒಂದು ಕುಡಿ ಹೊರಡುತ್ತದೆ. ಅದರ ತುದಿಯಲ್ಲಿ ಮರಿಗಿಡ, ತಾಯಿಯ ಪಡಿಯಚ್ಚು. ಶ್ರಾವಣ ಶುಕ್ರವಾರ ಓಣಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಾಗ, ಪ್ರಕೃತಿಯ ಈ ಕಾರ್ಯಕ್ಕೆ ನನ್ನ ಕತ್ತರಿಯ ನೆರವನ್ನೂ ನೀಡಿದೆ. ತೆಂಗಿನಕಾಯಿಯ ಜೊತೆ ಒಬ್ಬೊಬ್ಬರ ಉಡಿಗೂ ಒಂದೊಂದು ಮರಿ. ಹೆಸರಿನಲ್ಲೇ ಗಂಗೆ ಇದ್ದುದರಿಂದ ಅವರು ಅದನ್ನು ಕಣ್ಣಿಗೊತ್ತಿಕೊಂಡರು.

ಭಾದ್ರಪದ ಮುಗಿಯುವ ಮೊದಲೇ ನಮ್ಮ ತೊಟ್ಟಿಯಲ್ಲಿ ನೀರು ಕಾಣದಾಯಿತು. ಕೆಳಗೆ ಕೊಳೆತ ವಾಸನೆ, ಮೇಲೆ ಸೊಳ್ಳೆ. ನನ್ನದನ್ನೆಲ್ಲ ಕಿತ್ತು ಬಿಸಿಲಿಗೆ ಹಾಕಿ, ಉಳಿದವರಿಗೂ ಹಾಗೇ ಹೇಳಲು ಹೊರಟೆ. ಪಕ್ಕದ ಮನೆಯ ಶಾಂತವ್ವನ ತೊಟ್ಟಿ ಆಗಲೇ ಸ್ವಚ್ಛವಾಗಿತ್ತು. ಸದ್ಯ ಎನಿಸಿತು. ತಿಪ್ಪೆಗೆ ಹಾಕಿದಿರಾ ಎಂದು ವಿಚಾರಿಸಿದೆ.

“ಉಡಿಯೊಳಗ ಕೊಟ್ಟದ್ದನ್ನ ತಿಪ್ಪಿಗೆ ಒಗೀತಾರೇನ್ರಿ, ಅಕ್ಕೋರ? ಓದಿದವ್ರು ನೀವ ಹಿಂಗಂದ್ರ ಹೆಂಗ? ನಿನ್ನಿ ಸಂಜೀಕ ಎಲ್ಲಾರೂ ಕೂಡಿ ಹೋಗಿ, ಆರತಿ ಮಾಡಿ, ನೀರಿಗೆ ಬಿಟ್ಟು ಬಂದೇವಿ.”

“ಯಾವ ನೀರಿಗ್ರಿ?”

“ನಮ್ಮ ಬಾವ್ಯಾಗ.”

ಇಡೀ ಓಣಿ ಕುಡಿಯುತ್ತಿದ್ದುದು ಆ ಒಂದೇ ಬಾವಿಯ ನೀರು. ಹೋಗಿ ಇಣುಕಿದೆ. ಹಸಿರು.

ಓಡಿಬಂದು ಯಜಮಾನರಿಗೆ ಹೇಳಿದೆ. ಅವರು ಪತ್ರಿಕೆಯಿಂದ ತಲೆ ಎತ್ತದೆ, “ಬಾವಿ ಬಿಟ್ಟು ನಡಕೋತ ಬರ್ತದೇನು?” ಎಂದರು.

“ಇನ್ನೊಂದು ದೊಡ್ಡ ಮಳಿ ಬಂದ್ರ ಬಾವಿ ತುಂಬಿ ಹಳ್ಳಕ್ಕ ಹರೀತೈತ್ರಿ. ಹಳ್ಳ ಕಾಳಿ ನದಿಗೆ. ಗಿರಣಿಗೆ ನೀರು ಬರೋದು ಎಲ್ಲಿಂದ?”

ಅವರು ಪತ್ರಿಕೆ ಮಡಚಿಟ್ಟರು. ಅದುವರೆಗೆ ಹೆದರಿದವಳು ನಾನೊಬ್ಬಳೇ. ಈಗ ಹೆದರಿಕೆಗೂ ಮರಿ ಹುಟ್ಟಿತು!

ಉದ್ದನೆಯ ಬಿದಿರಿನ ಗಳ ತೆಗೆದುಕೊಂಡು ಬಾವಿಗೆ ಹೋದೆ. ಎಳೆದೆ, ತಿವಿದೆ, ತಿರುವಿದೆ. ಕುಡಿಗಳು ತುಂಡಾಗಿ ಮರಿಗಳೆಲ್ಲ ತಾಯಿಯಿಂದ ಬೇರೆಯಾದವು; ಒಂದೊಂದೂ ಸ್ವತಂತ್ರ ಸಂಸಾರ ಹೂಡಿ ಮೂಲೆಮೂಲೆಗೆ ತೇಲಿತು. ಪ್ರಯೋಗಶಾಲೆಯಲ್ಲಿ ಇಷ್ಟು ಯಶಸ್ಸು ನನಗೆಂದೂ ಸಿಕ್ಕಿರಲಿಲ್ಲ.

ಕೊನೆಗೆ ಶಾಂತವ್ವನ ಮುಂದೆ ನಿಂತು, ನನ್ನ ವಿಜ್ಞಾನವನ್ನೆಲ್ಲ ಬದಿಗಿಟ್ಟು, ಭಯವನ್ನಷ್ಟೇ ಹೇಳಿದೆ. ಅವಳು ಓಣಿಯನ್ನೇ ಕೂಡಿಸಿದಳು. ಹೆಂಗಸರು ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟು, ಸಂಜೆಯವರೆಗೂ ಗೋರಿ ಗೋರಿ ತೆಗೆದರು. ರಾಶಿ ನಮ್ಮ ಹಿತ್ತಲಿಗೆ ಬಂತು. ನಾಚಿಕೆಗೆ ಏನಾದರೂ ಮಾತಾಡಬೇಕಲ್ಲ, ಇದರಲ್ಲಿ ನನ್ನ ತಪ್ಪು ಒಂದೇ ಒಂದು ಗಿಡದಷ್ಟು, ಉಳಿದವು ನಿಮ್ಮ ಮನೆಗಳಲ್ಲಿ ಬೆಳೆದವು ಎಂದುಬಿಟ್ಟೆ.

ಶಾಂತವ್ವ ಒಂದು ಗಿಡ ಎತ್ತಿ ಹಿಡಿದು, ನನ್ನ ಮುಖವನ್ನೂ ಅದನ್ನೂ ನೋಡಿದಳು. “ಒಂದರಾಗರ ನಮ್ಮ ಹೋಲಿಕಿ ಐತೇನ್ರಿ, ಅಕ್ಕೋರ? ಎಲ್ಲಾ ನಿಮ್ಮ ಮಾರೀನ.”

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಬಾವಿಯೊಳಗೆ ಬಗ್ಗಿ ನೋಡಿದೆ. ತಿಳಿನೀರು, ಅದರಲ್ಲಿ ನನ್ನ ಮುಖ. ಒಂದೇ ಇತ್ತು. ಆದರೂ ಎರಡು ಸಲ ಎಣಿಸಿದೆ.